ಜೀನ್ ಟೆಸ್ಟಿಗೆ ಬ್ಲಾಕ್ ಕಳಿಸುವ ಮೊದಲು

ನಾನು ಶಿವಮೊಗ್ಗದಲ್ಲಿ ಪೆಥಾಲಜಿಸ್ಟ್, ಅಂದರೆ ಗಡ್ಡೆಯ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರೋಗ ಹೇಳುವ ಡಾಕ್ಟರ್. ದೊಡ್ಡ ಕರುಳಿನ ಕ್ಯಾನ್ಸರ್ ಬೇರೆ ಕಡೆ ಹರಡಿದ್ದರೆ ಜೀನ್ ಟೆಸ್ಟಿಗೆ ನಮ್ಮಲ್ಲಿಂದ ಬೆಂಗಳೂರಿಗೆ ಬ್ಲಾಕ್ ಹೋಗುತ್ತದೆ. ಬ್ಲಾಕ್ ಅಂದರೆ ಮೇಣದಲ್ಲಿ ಕೂರಿಸಿದ ಗಡ್ಡೆಯ ಚೂರು. ಟೆಸ್ಟ್ ಅಲ್ಲಿ ಆದರೂ ಅದರ ಹಣೆಬರಹ ಅರ್ಧ ನನ್ನ ಮೇಜಿನ ಮೇಲೇ ಬರೆದಾಗಿರುತ್ತದೆ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ಮಗ ಬ್ಲಾಕ್ ಒಯ್ಯಲು ಬಂದಿದ್ದರು. "ಕ್ಯಾನ್ಸರ್ ಅಂತ ಗೊತ್ತಾಯ್ತಲ್ಲ ಡಾಕ್ಟ್ರೇ, ಇನ್ನೆಂಥ ಟೆಸ್ಟು?" ಎಂದರು. ಯಾವ ಔಷಧಿ ಬೇಡ ಅಂತ ತಿಳಿಯೋಕೆ ಎಂದೆ. ಸೆಟಕ್ಸಿಮ್ಯಾಬ್ ಎಂಬ ಕ್ಯಾನ್ಸರ್ ಔಷಧಿ ಜೀವಕೋಶದ ಮೇಲಿರುವ ಇಜಿಎಫ್‌ಆರ್ ಎಂಬ ಪ್ರೋಟೀನನ್ನು ಮುಚ್ಚುತ್ತದೆ. ಬೆಳೆಯುವ ಸಂದೇಶ ಅಲ್ಲಿಂದ ಕೋಶದೊಳಗಿನ ರಾಸ್ ಪ್ರೋಟೀನಿಗೆ, ರಾಸ್‌ನಿಂದ ರಾಫ್ ಪ್ರೋಟೀನಿಗೆ ಇಳಿಯುತ್ತದೆ. ರಾಸ್‌ನ ಒಂದು ಬಗೆಯನ್ನು ಮಾಡುವ ಕೆರಾಸ್ ಜೀನ್ ಕೆಟ್ಟಿದ್ದರೆ ಸಂದೇಶ ತಾನಾಗಿಯೇ ಇಳಿಯುತ್ತಿರುತ್ತದೆ, ಮೇಲೆ ಮುಚ್ಚಿ ಏನೂ ಆಗಲ್ಲ. "ಸ್ಟಾರ್ಟರ್ ಆಫ್ ಮಾಡಿದ್ರೂ ಪಂಪು ಓಡ್ತಾ ಇದ್ರೆ ವೈರು ಡೈರೆಕ್ಟ್ ಆಗಿದೆ ಅಂತ, ಅಲ್ವಾ?" ಎಂದೆ. ತೋಟದವರಿಗೆ ಮುಂದೆ ಹೇಳಬೇಕಾಗಿ ಬರಲಿಲ್ಲ. ಅವರ ತಂದೆಯ ರಿಪೋರ್ಟಿನಲ್ಲಿ ಕೆರಾಸ್ ಜಿ12ಡಿ ಬಂತು, ಅಂದರೆ ಕೆರಾಸ್ ಕೆಟ್ಟಿತ್ತು. ಸೆಟಕ್ಸಿಮ್ಯಾಬ್ ಕೈಬಿಟ್ಟು ಕೀಮೋ ಜೊತೆ ಬೆವಸಿಜುಮ್ಯಾಬ್ ಎಂಬ ಬೇರೆ ಔಷಧಿ ಶುರು ಮಾಡಿದರು.

ಹರಡಿದ ಕರುಳಿನ ಕ್ಯಾನ್ಸರ್‌ನಲ್ಲಿ 100ಕ್ಕೆ ಸುಮಾರು 40 ಜನರಿಗೆ ಕೆರಾಸ್ ಕೆಟ್ಟಿರುತ್ತದೆ. ಅಮೆರಿಕದಲ್ಲಿ 2004ರಲ್ಲಿ ಸೆಟಕ್ಸಿಮ್ಯಾಬ್‌ಗೆ ಒಪ್ಪಿಗೆ ಸಿಕ್ಕಾಗ ಈ ಟೆಸ್ಟ್ ಕಡ್ಡಾಯ ಇರಲಿಲ್ಲ. 2009ರಲ್ಲಷ್ಟೇ ಔಷಧಿಯ ಲೇಬಲ್ ಬದಲಾಯಿತು. ಪ್ರಯೋಜನ ಇಲ್ಲದವರಿಗೆ ಕೊಟ್ಟರೆ ದುಡ್ಡು ಹೋಗುತ್ತದೆ, ಮುಖದ ತುಂಬ ಮೊಡವೆಯಂಥ ಗುಳ್ಳೆ ಏಳುತ್ತವೆ, ರಕ್ತದಲ್ಲಿ ಮೆಗ್ನೀಸಿಯಂ ಇಳಿಯುತ್ತದೆ.

ಈಗ ನನ್ನ ಕೆಲಸ. ಒಬ್ಬರದ್ದೇ ಹತ್ತಾರು ಬ್ಲಾಕ್ ಇರುತ್ತವೆ, ಕೈಗೆ ಸಿಕ್ಕಿದ್ದನ್ನು ಸುಮ್ನೆ ಕೊಡಬಾರದು. ಸ್ಲೈಡ್‌ಗಳನ್ನೆಲ್ಲ ಮತ್ತೆ ನೋಡುತ್ತೇನೆ. ಕ್ಯಾನ್ಸರ್ ಕೋಶ ಜಾಸ್ತಿ, ಸತ್ತ ಭಾಗ ಕಡಿಮೆ ಇರುವುದನ್ನು ಆರಿಸಿ, ಸ್ಲೈಡಿನ ಮೇಲೆ ಪೆನ್ನಿನಿಂದ ಸುತ್ತು ಹಾಕುತ್ತೇನೆ. ಲ್ಯಾಬಿನವರು ಅಷ್ಟನ್ನೇ ಕೆರೆದು ಡಿಎನ್‌ಎ ತೆಗೆಯುತ್ತಾರೆ. ಲೋಳೆ ತುಂಬಿದ ಗಡ್ಡೆಗಳು ಬಹಳ ಕಾಟ. ಕಣ್ಣಿಗೆ ದೊಡ್ಡ ಗಡ್ಡೆ, ಒಳಗೆ ಲೋಳೆಯ ನಡುವೆ ಅಲ್ಲೊಂದು ಇಲ್ಲೊಂದು ಕೋಶ. ಮಿಕ್ಕಿದ ಡಿಎನ್‌ಎ ಎಲ್ಲ ಮಾಮೂಲಿ ಕೋಶಗಳದ್ದು. ಮ್ಯುಟೇಶನ್ (ಜೀನ್ ಕೆಟ್ಟಿರುವುದು) ಇದ್ದರೂ "ಇಲ್ಲ" ಅಂತ ಬರಬಹುದು. ಆ ಸುಳ್ಳು "ಇಲ್ಲ" ನೋಡಿಯೇ ಔಷಧಿ ಶುರುವಾಗುತ್ತದೆ, ಹಾಗಾಗಿ ನನಗೆ ಅದರದ್ದೇ ಭಯ. ಗುದನಾಳದ ಕ್ಯಾನ್ಸರ್‌ಗೆ ರೇಡಿಯೇಶನ್ ಕೊಟ್ಟಿದ್ದರೆ ಆಪರೇಷನ್‌ನಲ್ಲಿ ಸಿಕ್ಕ ಗಡ್ಡೆಯಲ್ಲಿ ಕೋಶ ಉಳಿದಿರುವುದೇ ಕಡಿಮೆ. ಆಗ ಹಳೇ ಬಯಾಪ್ಸಿ ಹುಡುಕುತ್ತೇನೆ.

ತೆಗೆದ ಗಡ್ಡೆ ಕೊಳೆಯದಂತೆ ಮುಳುಗಿಸಿಡುವ ಫಾರ್ಮಲಿನ್ ದ್ರವ ಇನ್ನೊಂದು ತಲೆನೋವು. 10% ಬಫರ್ಡ್ ಫಾರ್ಮಲಿನ್‌ನಲ್ಲಿ 6ರಿಂದ 72 ಗಂಟೆ ಇದ್ದರೆ ಸರಿ. ಮಳೆಗಾಲದ ಶನಿವಾರ ಘಟ್ಟದ ಕಡೆಯಿಂದ ಬಸ್ಸಿಗೆ ಹಾಕಿದ ಡಬ್ಬಿ ಸೋಮವಾರ ಕೈಗೆ ಸಿಗುತ್ತದೆ. ಕರುಳನ್ನು ಸೀಳದೆ ಹಾಗೇ ಮುಳುಗಿಸಿದ್ದರೆ ಹೊರಗೆ ಗಟ್ಟಿ, ಒಳಗೆ ಕೊಳೆತಿರುತ್ತದೆ. ಅದಕ್ಕೇ ಸರ್ಜನ್‌ಗಳಿಗೆ ಫೋನ್ ಮಾಡಿ "ಸೀಳಿ, ತೊಳೆದು, ಆಮೇಲೆ ಹಾಕಿ ಸರ್" ಅಂತ ಪೀಡಿಸುತ್ತಿರುತ್ತೇನೆ.

ಟೆಸ್ಟಿಗೆ ತುಂಬುವ ಫಾರ್ಮಿನಲ್ಲಿ ಕೆರಾಸ್ ಒಂದೇ ಬರೆದರೆ ಸಾಲದು. ರಾಸ್‌ನ ಇನ್ನೊಂದು ಜೀನ್ ಎನ್‌ರಾಸ್, ರಾಫ್‌ನ ಜೀನ್ ಬಿರಾಫ್‌ನಲ್ಲಿ ವಿ600ಇ ಎಂಬ ಮ್ಯುಟೇಶನ್ ಕೂಡ ಬೇಕು. ಕರುಳಿನ ಎಡಭಾಗವೋ ಬಲಭಾಗವೋ ಅದನ್ನೂ ಬರೆಯಬೇಕು. ಬಲಭಾಗದ ಗಡ್ಡೆಗೆ ರಾಸ್ ಸರಿಯಿದ್ದರೂ ಸೆಟಕ್ಸಿಮ್ಯಾಬ್‌ನ ಲಾಭ ಕಡಿಮೆ. ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಇವು ಡಿಎನ್‌ಎ ತಪ್ಪು ತಿದ್ದುವ ಪ್ರೋಟೀನುಗಳು; ಈ ನಾಲ್ಕಕ್ಕೂ ಸ್ಟೇನ್ (ಬಣ್ಣ ಹಾಕಿ ನೋಡುವ ಪರೀಕ್ಷೆ) ಬೇರೆಯೇ ಮಾಡಿಸಬೇಕು. ಇವುಗಳಲ್ಲಿ ಒಂದಾದರೂ ಕಾಣದಿದ್ದರೆ ಪೆಂಬ್ರೊಲಿಜುಮ್ಯಾಬ್‌ನಂಥ ಇಮ್ಯುನೋಥೆರಪಿಯ (ದೇಹದ ರೋಗನಿರೋಧಕ ಶಕ್ತಿಯಿಂದಲೇ ಕ್ಯಾನ್ಸರ್ ಎದುರಿಸುವ ಚಿಕಿತ್ಸೆ) ದಾರಿ ತೆರೆಯುತ್ತದೆ, ಮನೆಯವರಿಗೂ ಲಿಂಚ್ ಸಿಂಡ್ರೋಮ್ (ವಂಶದಲ್ಲಿ ಬರುವ ಕ್ಯಾನ್ಸರ್ ಅಪಾಯ) ಇದೆಯಾ ಅಂತ ನೋಡಬೇಕಾಗುತ್ತದೆ. ಎಂಎಲ್‌ಎಚ್1 ಇಲ್ಲದೆ ಬಿರಾಫ್ ಕೂಡ ಕೆಟ್ಟಿದ್ದರೆ ಲಿಂಚ್ ಇರುವ ಸಾಧ್ಯತೆ ತೀರಾ ಕಡಿಮೆ.

ಬ್ಲಾಕ್ ಒಯ್ಯುವವರಿಗೆ ಒಂದು ಮಾತು ಹೇಳಿಯೇ ಕಳಿಸುತ್ತೇನೆ: ಬಿಸಿಲಿನಲ್ಲಿ ಕಾರಿನೊಳಗೆ ಇಡಬೇಡಿ, ಟೆಸ್ಟ್ ಮುಗಿದ ಮೇಲೆ ಉಳಿದದ್ದನ್ನು ಕೇಳಿ ವಾಪಸ್ ತನ್ನಿ. ಕೆರಾಸ್‌ನಲ್ಲಿ ಜಿ12ಸಿ ಎಂಬ ಮ್ಯುಟೇಶನ್ ಇದ್ದವರಿಗೆ ಹಿಂದೆ ಗುರಿಯಿಟ್ಟ ಔಷಧಿ ಇರಲಿಲ್ಲ, ಈಗ ಬಂದಿದೆ. ಮುಂದೆ ಇನ್ನೊಂದು ಟೆಸ್ಟ್ ಬೇಕೆಂದರೆ ಆ ಚೂರೇ ಬೇಕು.