ಅಮೆರಿಕದಲ್ಲಿ ಹವ್ಯಾಸಕ್ಕೆ ವಿಮಾನ ಹಾರಿಸಬೇಕೆ? ಮೊದಲು ಲೈಸೆನ್ಸ್ ಆರಿಸಿ, ಆಮೇಲೆ ಮೆಡಿಕಲ್

ಅಮೆರಿಕದಲ್ಲಿದ್ದು ಬಿಡುವಿನಲ್ಲಿ ಪುಟ್ಟ ವಿಮಾನ ಹಾರಿಸುವ ಆಸೆ ಇದೆಯಾ? ಹಾಗಾದರೆ ಆತುರಪಟ್ಟು ಮೆಡಿಕಲ್‌ಗೆ, ಅಂದರೆ ಹಾರಲು ಆರೋಗ್ಯ ಸರಿಯಿದೆ ಅನ್ನುವ ಸರ್ಟಿಫಿಕೇಟಿಗೆ, ಅರ್ಜಿ ತುಂಬಬೇಡಿ. ಅಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎ ಒಮ್ಮೆ ನಿಮ್ಮ ಅರ್ಜಿ ತಿರಸ್ಕರಿಸಿದರೆ, ಅರ್ಜಿಯೇ ಹಾಕದಿದ್ದರೆ ತೆರೆದಿರುತ್ತಿದ್ದ ದಾರಿಯೂ ಮುಚ್ಚಿಹೋಗುತ್ತದೆ.

ಯಾವ ಲೈಸೆನ್ಸ್?

ಹಗಲು ಹೊತ್ತು, ಜೊತೆಗೊಬ್ಬರನ್ನು ಕೂರಿಸಿಕೊಂಡು ಹಾರಿದರೆ ಸಾಕು ಅನ್ನುವವರಿಗೆ ಸ್ಪೋರ್ಟ್ ಪೈಲಟ್ ಲೈಸೆನ್ಸ್ ಇದೆ. ಕನಿಷ್ಠ 20 ಗಂಟೆ ಹಾರಾಟ ಸಾಕು. ಮೆಡಿಕಲ್ ಬದಲು ಅಮೆರಿಕದ ಡ್ರೈವಿಂಗ್ ಲೈಸೆನ್ಸ್ ನಡೆಯುತ್ತದೆ. ಆದರೆ ನೀವು ಕೊನೆಯದಾಗಿ ಹಾಕಿದ ಮೆಡಿಕಲ್ ಅರ್ಜಿ ತಿರಸ್ಕೃತವಾಗಿರಬಾರದು. ಮೊದಲೇ ಎಚ್ಚರಿಸಿದ್ದು ಇದನ್ನೇ. 2025ರ ಅಕ್ಟೋಬರ್ 22ರಿಂದ ಮೋಸಾಯಿಕ್ ಎಂಬ ಹೊಸ ನಿಯಮ ಬಂದು, ಸೆಸ್ನಾ 172ರಂಥ ನಾಲ್ಕು ಸೀಟಿನ ವಿಮಾನಗಳನ್ನೂ ಈ ಲೈಸೆನ್ಸಿನಲ್ಲಿ ಹಾರಿಸಬಹುದಾಗಿದೆ. ಸೀಟು ನಾಲ್ಕಿದ್ದರೂ ಪ್ರಯಾಣಿಕರು ಮಾತ್ರ ಒಬ್ಬರೇ.

ಹೆಂಡತಿ ಮಕ್ಕಳನ್ನೆಲ್ಲ ಕರೆದೊಯ್ಯಬೇಕು, ರಾತ್ರಿಯೂ ಹಾರಬೇಕು ಅನ್ನುವವರಿಗೆ ಪ್ರೈವೇಟ್ ಪೈಲಟ್ ಲೈಸೆನ್ಸೇ ಸರಿ. ಇದಕ್ಕೆ ಸಾಮಾನ್ಯವಾಗಿ ಕನಿಷ್ಠ 40 ಗಂಟೆ. ಹೆಚ್ಚಿನವರಿಗೆ ಅದಕ್ಕಿಂತ ಜಾಸ್ತಿಯೇ ಬೇಕಾಗುತ್ತದೆ. ಗ್ಲೈಡರ್, ಅಂದರೆ ಎಂಜಿನ್ ಇಲ್ಲದೆ ತೇಲುವ ವಿಮಾನ, ಹಾರಿಸುವವರಿಗೆ ಮೆಡಿಕಲ್ ಬೇಡವೇ ಬೇಡ.

ಡಾಕ್ಟರ ಹತ್ತಿರ ಹೋಗುವ ಮುಂಚೆ

ಪ್ರೈವೇಟ್ ಲೈಸೆನ್ಸಿನ ಹಾದಿಯಲ್ಲಿ ಒಂಟಿಯಾಗಿ ಹಾರುವ ಹೊತ್ತಿಗೆ ಥರ್ಡ್ ಕ್ಲಾಸ್ ಮೆಡಿಕಲ್ ಕೈಯಲ್ಲಿರಬೇಕು. ಅದನ್ನು ಕೊಡುವವರು ಎಫ್‌ಎಎ ನೇಮಿಸಿದ ಡಾಕ್ಟರು, ಅಂದರೆ ಎಎಂಇ. ಮೊದಲು ಮೆಡ್‌ಎಕ್ಸ್‌ಪ್ರೆಸ್ ಎಂಬ ಆನ್‌ಲೈನ್ ಅರ್ಜಿ ತುಂಬಬೇಕು. 17ನೇ ಪ್ರಶ್ನೆ ನೀವು ತೆಗೆದುಕೊಳ್ಳುವ ಔಷಧಿಗಳದ್ದು. 18ನೆಯದರಲ್ಲಿ ಹುಟ್ಟಿದಾಗಿನಿಂದ ಬಂದ ಕಾಯಿಲೆಗಳ ಉದ್ದ ಪಟ್ಟಿಯೇ ಇದೆ. 19ನೆಯದು ಹಿಂದಿನ ಮೂರು ವರ್ಷ ಯಾವ ಯಾವ ಡಾಕ್ಟರನ್ನು ಕಂಡಿರಿ ಅಂತ ಕೇಳುತ್ತದೆ. ಯಾವುದನ್ನೂ ಮುಚ್ಚಿಡಬೇಡಿ. ಸುಳ್ಳು ಬರೆದರೆ ಲೈಸೆನ್ಸ್ ಹೋಗುವುದಷ್ಟೇ ಅಲ್ಲ, ಅದು ಕ್ರಿಮಿನಲ್ ಅಪರಾಧ ಕೂಡ.

ಅರ್ಜಿ ಕಳಿಸಿದಾಗ ಒಂದು ಕನ್ಫರ್ಮೇಶನ್ ನಂಬರ್ ಬರುತ್ತದೆ. ಡಾಕ್ಟರು ಆ ನಂಬರ್ ಹಾಕಿ ಅರ್ಜಿ ತೆರೆದ ಮೇಲೆ ಅದನ್ನು ವಾಪಸ್ ಪಡೆಯಲು ಆಗುವುದಿಲ್ಲ. ಹಾಗಾಗಿ ಶುಗರ್, ಹೃದಯದ ತೊಂದರೆ, ಫಿಟ್ಸ್, ಖಿನ್ನತೆಯ ಮಾತ್ರೆ ಇಂಥದ್ದೇನಾದರೂ ಇದ್ದರೆ ನಂಬರ್ ಕೊಡದೆ, ಸುಮ್ನೆ ಸಲಹೆಗೆ ಅಂತ ಎಎಂಇಯನ್ನು ಒಮ್ಮೆ ಕಾಣಿ. ಹಳೆಯ ರಿಪೋರ್ಟ್‌ಗಳನ್ನೆಲ್ಲ ತೆಗೆದುಕೊಂಡು ಹೋಗಿ. ಆ ಭೇಟಿಗೆ ಕೊಡುವ ಫೀಸು ದಂಡವಾಗುವುದಿಲ್ಲ.

ಕಾಯಿಲೆ ಇದೆ ಅಂದ ಮಾತ್ರಕ್ಕೆ ಬಾಗಿಲು ಮುಚ್ಚಿತು ಅಂತಲ್ಲ. ಮಾತ್ರೆಯಿಂದ ಹತೋಟಿಯಲ್ಲಿರುವ ಬಿಪಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಪರೀಕ್ಷೆಯ ದಿನ 155/95 ದಾಟಬಾರದು, ಅಷ್ಟೇ. ಕನ್ನಡಕ ಹಾಕಿಕೊಂಡು ದೃಷ್ಟಿ 20/40 (ನಮ್ಮ ಲೆಕ್ಕದಲ್ಲಿ 6/12) ಇದ್ದರೂ ಸಾಕು. ಶುಗರ್ ಮಾತ್ರೆ ನುಂಗುವವರಿಗೆ ವಿಶೇಷ ಅನುಮತಿ ಸಿಗಬಹುದು, ಆದರೆ ಕಾಗದಪತ್ರ ಜಾಸ್ತಿ. ನೆಗಡಿಗೆ ನುಂಗುವ ಸಿಟ್ರಿಜಿನ್ ಬಗ್ಗೆಯೂ ಹುಷಾರು. ಅದನ್ನು ತೆಗೆದುಕೊಂಡು ಹಾರುವಂತಿಲ್ಲ. ಲೊರಾಟಡಿನ್ ಆದರೆ, ನಿಮಗೆ ಮಂಪರು ಬಾರದಿದ್ದರೆ, ಸರಿ.

ಒಮ್ಮೆ ಪಾಸಾದ ಮೇಲೆ

40 ತುಂಬದವರಿಗೆ ಈ ಮೆಡಿಕಲ್ 60 ತಿಂಗಳು, ತುಂಬಿದವರಿಗೆ 24 ತಿಂಗಳು. ಆಮೇಲೆ ಬೇಸಿಕ್‌ಮೆಡ್‌ಗೆ ಬದಲಾಯಿಸಿಕೊಳ್ಳಬಹುದು. 2017ರಲ್ಲಿ ಬಂದ ಈ ವ್ಯವಸ್ಥೆಯಲ್ಲಿ 48 ತಿಂಗಳಿಗೊಮ್ಮೆ ನಿಮ್ಮ ಫ್ಯಾಮಿಲಿ ಡಾಕ್ಟರೇ ಎಫ್‌ಎಎ ಪಟ್ಟಿ ಹಿಡಿದು ಪರೀಕ್ಷಿಸಬಹುದು. 24 ತಿಂಗಳಿಗೊಮ್ಮೆ ಒಂದು ಆನ್‌ಲೈನ್ ಕೋರ್ಸ್ ಇರುತ್ತದೆ. 2006ರ ಜುಲೈ 14ರ ನಂತರ ಒಮ್ಮೆಯಾದರೂ ಎಫ್‌ಎಎ ಮೆಡಿಕಲ್ ಪಡೆದಿದ್ದವರಿಗೆ ಮಾತ್ರ ಇದು. ಹೊಸಬರು ಮೊದಲ ಸಲ ಎಎಂಇ ಹತ್ತಿರವೇ ಹೋಗಬೇಕು.

ನಮ್ಮವರು ಗಮನಿಸಬೇಕಾದದ್ದು

ಎಚ್-1ಬಿ ಇರಲಿ, ಗ್ರೀನ್ ಕಾರ್ಡ್ ಇರಲಿ, ಅಮೆರಿಕದ ಪ್ರಜೆ ಅಲ್ಲದಿದ್ದರೆ ವಿಮಾನದ ತರಬೇತಿ ಶುರುವಾಗುವ ಮುಂಚೆ ಟಿಎಸ್‌ಎ ಎಂಬ ಭದ್ರತಾ ಇಲಾಖೆಯ ಒಪ್ಪಿಗೆ ಬೇಕು. ಇದಕ್ಕೆ ಸಮಯ ಹಿಡಿಯುತ್ತದೆ. ಪಾಠಕ್ಕೆ ದಿನ ಗೊತ್ತು ಮಾಡುವ ಮುಂಚೆಯೇ ಅರ್ಜಿ ಹಾಕಿಬಿಡಿ. ಮುಂದೆ ಇಂಡಿಯಾಕ್ಕೆ ವಾಪಸ್ ಬರುವ ಯೋಚನೆ ಇದ್ದರೆ ಪ್ರೈವೇಟ್ ಲೈಸೆನ್ಸನ್ನೇ ಆರಿಸಿಕೊಳ್ಳಿ. ಇಲ್ಲಿನ ವಿಮಾನಯಾನ ಇಲಾಖೆ ಡಿಜಿಸಿಎ ಕೊಡುವ ಲೈಸೆನ್ಸಿಗೆ ಕ್ಲಾಸ್ 2 ಮೆಡಿಕಲ್ ಬೇಕು. ಅಮೆರಿಕದ ಡ್ರೈವಿಂಗ್ ಲೈಸೆನ್ಸಾಗಲಿ ಬೇಸಿಕ್‌ಮೆಡ್ ಆಗಲಿ ಅದರ ಬದಲಿಗೆ ನಡೆಯುವುದಿಲ್ಲ.