ಹಳೆಯ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ: ಮೊದಲು ನಕಲು, ಆಮೇಲೆ ಸ್ಕ್ರೂಡ್ರೈವರ್

ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯಲ್ಲಿ ಎಸ್‌ಎಸ್‌ಡಿ, ಅಂದರೆ ಹಾರ್ಡ್‌ಡಿಸ್ಕ್ ಬದಲಿಗೆ ಹಾಕುವ, ತಿರುಗುವ ಭಾಗವಿಲ್ಲದ ಡ್ರೈವ್, ಕೊಳ್ಳುತ್ತಾರೆ. ಚಿಗರಿ ಬಸ್ಸು ಧಾರವಾಡ ಮುಟ್ಟುವಷ್ಟರಲ್ಲಿ ಮೊಬೈಲಿನಲ್ಲಿ ಎರಡು ವಿಡಿಯೊ ನೋಡಿ ಮುಗಿಸುತ್ತಾರೆ. ಮನೆಗೆ ಹೋದ ಕೂಡಲೇ ಲ್ಯಾಪ್‌ಟಾಪ್ ಬೋರಲು ಹಾಕಿ ಸ್ಕ್ರೂ ಬಿಚ್ಚುತ್ತಾರೆ. ಮರುದಿನ ನನಗೆ ಫೋನ್ ಬರುತ್ತದೆ. ಇಂಥವರನ್ನು ಭಾಳ ಮಂದಿ ನೋಡಿದ್ದೇನೆ. ಬಿಚ್ಚುವುದು, ಜೋಡಿಸುವುದು ಕಷ್ಟವೇ ಅಲ್ಲ. ಕೆಲಸ ಕೆಡುವುದು ಡೇಟಾ ನಕಲು ಮಾಡುವಾಗ.

ಮಾಡುವುದಂತೂ ಮಾಡಿ. ನಿಮಿಷಕ್ಕೆ 5400 ಸುತ್ತು ತಿರುಗುವ ಹಳೆಯ ಹಾರ್ಡ್‌ಡಿಸ್ಕ್ ಸೆಕೆಂಡಿಗೆ 100 ಎಂಬಿ ಆಸುಪಾಸು ಓದುತ್ತದೆ. ಸಣ್ಣ ಸಣ್ಣ ಫೈಲುಗಳಾದರೆ 1 ಎಂಬಿ ಓದಲೂ ಏದುಸಿರು ಬಿಡುತ್ತದೆ. ಅದೇ ಹಾರ್ಡ್‌ಡಿಸ್ಕ್‌ನ ಸಾಟಾ ಕನೆಕ್ಟರಿಗೆ ಕೂರುವ ಸಾಟಾ ಎಸ್‌ಎಸ್‌ಡಿ 500 ಎಂಬಿ ದಾಟುತ್ತದೆ.

ಹಂತ 1: ಯಾವುದು ಕೊಳ್ಳಬೇಕು

ಹಾರ್ಡ್‌ಡಿಸ್ಕ್ ಇರುವ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವಕ್ಕೆ 2.5 ಇಂಚಿನ, 7 ಮಿ.ಮೀ. ದಪ್ಪದ ಸಾಟಾ ಎಸ್‌ಎಸ್‌ಡಿ ಸಾಕು. ಕೆಲವದರಲ್ಲಿ ಎಂ.2 ಎಂಬ ಚಿಕ್ಕ ಜಾಗವೂ ಇರುತ್ತದೆ. ಅಲ್ಲಿ ಹುಷಾರು. ಎಂ.2 ಆಕಾರದಲ್ಲೇ ಸಾಟಾ ಬೇರೆ, ಎನ್‌ವಿಎಂಇ ಎಂಬ ಇನ್ನೂ ವೇಗದ ಬಗೆ ಬೇರೆ. ನೋಡಲು ಅಣ್ಣತಮ್ಮಂದಿರ ಹಾಗೆ ಇದ್ದರೂ ಒಂದರ ಜಾಗದಲ್ಲಿ ಇನ್ನೊಂದು ಕೆಲಸ ಮಾಡಲಿಕ್ಕಿಲ್ಲ. ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ನೋಡಿಯೇ ಕೊಳ್ಳಿ.

ಅಳತೆ ಆರಿಸುವಾಗ ಒಂದು ಮಾತು. ಹಳೆಯ ಡಿಸ್ಕ್ 500 ಜಿಬಿ ಇದ್ದರೆ 480 ಜಿಬಿ ಎಸ್‌ಎಸ್‌ಡಿ ತರಬೇಡಿ. ವಿಂಡೋಸ್‌ನಲ್ಲಿ ಮೊದಲನೆಯದು 465, ಎರಡನೆಯದು 447 ಎಂದು ಕಾಣುತ್ತದೆ. ನಕಲು ಮಾಡುವಾಗ ‘ಜಾಗ ಸಾಲದು’ ಎಂಬ ತಕರಾರು ಶುರು. ಪಾರ್ಟಿಷನ್ (ಡಿಸ್ಕ್‌ನಲ್ಲಿ ಮಾಡಿಕೊಂಡ ಭಾಗ) ಕುಗ್ಗಿಸಿ ದಾಟಬಹುದು, ಆದರೆ ಆ ತಲೆನೋವು ಯಾಕೆ? 500 ಅಥವಾ 512 ತನ್ನಿ.

ಹೆಸರೇ ಕೇಳಿರದ ಬ್ರ್ಯಾಂಡಿನ, ಮೂರುಕಾಸಿಗೆ ಸಿಗುವ ‘2 ಟಿಬಿ’ ಡ್ರೈವ್‌ಗಳು ಆನ್‌ಲೈನ್‌ನಲ್ಲಿ ಬರುತ್ತವೆ. ಅಂಥವುಗಳನ್ನು ಬಿಚ್ಚಿದಾಗ ಒಳಗೆ ಮೊಬೈಲಿಗೆ ಹಾಕುವ ಮೆಮೊರಿ ಕಾರ್ಡ್ ಸಿಕ್ಕಿದ್ದುಂಟು. ಅವುಗಳ ತಂಟೆಗೇ ಹೋಗಬೇಡಿ.

ಹಂತ 2: ಹಳೆಯ ಡಿಸ್ಕ್‌ಗೆ ಒಂದು ತಪಾಸಣೆ

ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿ. ನೀಲಿ ಬಣ್ಣ ಬಂದರೆ ಸರಿ. ಹಳದಿ ಅಥವಾ ಕೆಂಪು ಬಂದರೆ ಕ್ಲೋನ್ (ಇಡೀ ಡಿಸ್ಕಿನ ತದ್ರೂಪ ನಕಲು) ಆಸೆ ಬಿಟ್ಟು, ಬೇಕಾದ ಫೈಲುಗಳನ್ನು ಇವತ್ತೇ ಬೇರೆಡೆ ಇಟ್ಟುಕೊಳ್ಳಿ. ಸಾಯುವ ಡಿಸ್ಕನ್ನು ಗಂಟೆಗಟ್ಟಲೆ ಓದಿಸಿದರೆ ಅದು ನಡುವೆಯೇ ಕೈಕೊಡುತ್ತದೆ.

ಹಂತ 3: ಕ್ಲೋನ್ ಮಾಡಬೇಕೋ, ಹೊಸದಾಗಿ ಹಾಕಬೇಕೋ

ಕಾಲೇಜು ಹುಡುಗರಿಗೆ ನನ್ನ ಮಾತು ಒಂದೇ: ಫೈಲು ತೆಗೆದಿಟ್ಟುಕೊಳ್ಳಿ, ವಿಂಡೋಸ್ ಹೊಸದಾಗಿ ಹಾಕಿ. ಎಂಟು ವರ್ಷದ ಕಸವನ್ನು ಹೊಸ ಮನೆಗೆ ಸಾಗಿಸಬೇಡಿ. ‘ಡಿಸ್ಕ್ ಬದಲಿಸಿದರೆ ಲೈಸೆನ್ಸ್ ಮತ್ತೆ ಕೊಳ್ಳಬೇಕು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಲ್ಯಾಪ್‌ಟಾಪ್ ಜೊತೆಗೇ ಬಂದ ವಿಂಡೋಸ್ 10ರ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ.

ಗದಗ-ಬೆಟಗೇರಿಯ ಪ್ರೆಸ್‌ನವರ, ಡಿಟಿಪಿಯವರ ಕಥೆ ಬೇರೆ. ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳು, ಅವುಗಳ ಹಳೆಯ ಫಾಂಟುಗಳು, ಸಿ.ಡಿ. ಎಲ್ಲಿಟ್ಟರೋ ನೆನಪಿಲ್ಲದ, ಪುಟ ಜೋಡಿಸುವ ಪೇಜ್‌ಮೇಕರ್. ಒಂದು ಫಾಂಟ್ ತಪ್ಪಿದರೂ ಹತ್ತು ವರ್ಷದ ಲಗ್ನಪತ್ರಿಕೆಗಳೆಲ್ಲ ಓದಲಾಗದ ಗೋಜಲು. ನೀವು ಕ್ಲೋನ್ ಮಾಡಿ.

ಹಂತ 4: ಕ್ಲೋನ್

ಇಲ್ಲಿ ನಿಧಾನವಾಗಿ. ಯುಎಸ್‌ಬಿಯಿಂದ ಸಾಟಾಕ್ಕೆ ಹೋಗುವ ಕೇಬಲ್ ಬೇಕು. ಹೊಸ ಡ್ರೈವನ್ನು ಅದಕ್ಕೆ ಸಿಕ್ಕಿಸಿ, ನೀಲಿ ಯುಎಸ್‌ಬಿ ಪೋರ್ಟ್ ಇದ್ದರೆ ಅದಕ್ಕೇ ಹಾಕಿ. ಚಾರ್ಜರ್ ಇರಲಿ, ಸ್ಲೀಪ್ ಆಫ್ ಮಾಡಿ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆದರೆ ಯುಪಿಎಸ್‌ಗೆ ಜೋಡಿಸಿ. ಮಳೆಗಾಲದ ಸಂಜೆ ಕರೆಂಟಿನ ಮೇಲೆ ಭರವಸೆ ಇಟ್ಟು ಕೂರಬೇಡಿ.

ಕೇಬಲ್ ಹಾಕಿದರೂ ‘ದಿಸ್ ಪಿಸಿ’ಯಲ್ಲಿ ಹೊಸ ಡ್ರೈವ್ ಕಾಣುವುದಿಲ್ಲ. ಡಬ್ಬಿ ಸಮೇತ ಅಂಗಡಿಗೆ ವಾಪಸ್ ಓಡುವವರು ಇಲ್ಲೇ ಜಾಸ್ತಿ. ಡ್ರೈವ್ ಕೆಟ್ಟಿಲ್ಲ, ಅದರಲ್ಲಿ ಪಾರ್ಟಿಷನ್ ಇಲ್ಲ ಅಷ್ಟೇ. ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಕೆಳಗೆ ಕಪ್ಪು ಪಟ್ಟಿಯ ‘ಅನ್‌ಅಲೊಕೇಟೆಡ್’ ಕಾಣುತ್ತದಲ್ಲ, ಅದೇ ಹೊಸದು.

ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಆನ್ ಇದ್ದರೆ ಪೂರ್ತಿ ಆಫ್ ಮಾಡಿ, ಅದು ಮುಗಿಯುವ ತನಕ ಕಾಯಿರಿ. ಆ ಬೀಗ ತೆರೆಯುವ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದೇ ಲ್ಯಾಪ್‌ಟಾಪಿನಲ್ಲಿ ಸೇವ್ ಮಾಡಿದರೆ ಏನುಪಯೋಗ, ಅಲ್ವಾ?

ತಂತ್ರಾಂಶದ ವಿಷಯ. ಎಸ್‌ಎಸ್‌ಡಿ ಕಂಪನಿಗಳೇ ಕೊಡುವ ಕ್ಲೋನ್ ತಂತ್ರಾಂಶ ಸುಲಭ. ಆದರೆ ಸಾಮಾನ್ಯವಾಗಿ ಅವರದೇ ಡ್ರೈವ್ ಇದ್ದರೆ ಮಾತ್ರ ಓಡುತ್ತದೆ. ಕ್ಲೋನ್‌ಜಿಲ್ಲಾ ಉಚಿತ, ಗಟ್ಟಿ. ಅದರ ಅಕ್ಷರಗಳಷ್ಟೇ ಇರುವ ಪರದೆ ನೋಡಿ ಹೆದರುವವರು ಮೊದಲನೆಯದನ್ನೇ ಹಿಡಿಯಿರಿ.

ಈಗ ಮುಖ್ಯ ಪರದೆ. ‘ಸೋರ್ಸ್’ ಅಂದರೆ ಹಳೆಯದು, ‘ಡೆಸ್ಟಿನೇಷನ್’ ಅಂದರೆ ಹೊಸದು. ಇದು ಅದಲುಬದಲಾದರೆ ಖಾಲಿ ಡ್ರೈವ್ ಬಂದು ನಿಮ್ಮ ಎಲ್ಲ ಫೈಲುಗಳ ಮೇಲೆ ಕೂರುತ್ತದೆ. ಆಮೇಲೆ ಯಾವ ದೇವರಿಗೆ ಹರಕೆ ಹೊತ್ತರೂ ಅಷ್ಟೇ. ಎರಡೂ 500 ಜಿಬಿ ಇದ್ದಾಗ ಅಳತೆ ನೋಡಿ ಗುರುತಿಸಲು ಆಗುವುದಿಲ್ಲ. ಎರಡರ ಮಾಡೆಲ್ ನಂಬರನ್ನೂ ಮೊದಲೇ ಚೀಟಿಯ ಮೇಲೆ ಬರೆದು, ಪರದೆಯ ಪಕ್ಕ ಹಿಡಿದು ಒಂದೊಂದೇ ಅಕ್ಷರ ತಾಳೆ ನೋಡಿ. ‘ಓಕೆ’ ಆಮೇಲೆ.

ಇನ್ನೊಂದು ಎಡವಟ್ಟು, ಸಿ ಡ್ರೈವ್ ಒಂದಕ್ಕೇ ಟಿಕ್ ಹಾಕುವುದು. ಅದರ ಹಿಂದೆ ಮುಂದೆ 100 ಎಂಬಿಯ ಇಎಫ್‌ಐ, ರಿಕವರಿ ಎಂಬ ಪುಟ್ಟ ತುಣುಕುಗಳಿರುತ್ತವೆ. ಬೇಡದ ಸಾಮಾನಿನಂತೆ ಕಂಡರೂ ಲ್ಯಾಪ್‌ಟಾಪ್ ಏಳುವುದು ಆ ಇಎಫ್‌ಐ ತುಣುಕಿನಿಂದಲೇ. ಇಡೀ ಡಿಸ್ಕ್ ಆಯ್ಕೆ ಮಾಡಿ.

ನಕಲು ಮುಗಿದ ಮೇಲೆ ರೀಸ್ಟಾರ್ಟ್ ಬೇಡ, ಶಟ್‌ಡೌನ್ ಮಾಡಿ. ಎರಡೂ ಡಿಸ್ಕ್ ಜೊತೆಗಿದ್ದರೆ ವಿಂಡೋಸ್ ಎರಡಕ್ಕೂ ಒಂದೇ ಗುರುತು ಕಂಡು ಗೊಂದಲಕ್ಕೆ ಬೀಳುತ್ತದೆ.

ಹಂತ 5: ಬಿಚ್ಚಿ, ಬದಲಿಸಿ, ಮುಚ್ಚಿ

ಚಾರ್ಜರ್, ಬ್ಯಾಟರಿ ತೆಗೆಯಿರಿ. ಬ್ಯಾಟರಿ ಒಳಗಿದ್ದರೆ ಕವರ್ ತೆಗೆದ ಕೂಡಲೇ ಅದರ ಕನೆಕ್ಟರ್ ಬಿಡಿಸಿ. ಹಳೆಯ ಡಿಸ್ಕ್ ಎಳೆದು, ಅದರ ಚೌಕಟ್ಟನ್ನು ಹೊಸದಕ್ಕೆ ಬಿಗಿದು, ಅದೇ ಜಾಗಕ್ಕೆ ತಳ್ಳಿ. ಸ್ಕ್ರೂಗಳನ್ನು ಬಿಚ್ಚಿದ ಜಾಗದ ಚಿತ್ರ ಬರೆದ ಕಾಗದದ ಮೇಲೆ ಇಡಿ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹಾಕಿದರೆ ಅದು ಕೀಬೋರ್ಡ್ ಕಡೆಯಿಂದ ಮೂತಿ ತೋರಿಸುತ್ತದೆ.

ಹೇಗೂ ತೆರೆದಿದ್ದೀರಿ, ಫ್ಯಾನ್ ದೂಳು ಬ್ರಷ್‌ನಿಂದ ತೆಗೆಯಿರಿ. ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ಅಂಗಡಿಯ ಲ್ಯಾಪ್‌ಟಾಪ್ ಆದರೆ ಬಾಯಿಂದ ಮಾತ್ರ ಊದಬೇಡಿ. ಕೆಂಪು ಪುಡಿ ನೇರ ಕಣ್ಣಿಗೇ ಬರುತ್ತದೆ. ರ‍್ಯಾಮ್ 4 ಜಿಬಿ ಇದ್ದರೆ ಈಗಲೇ 8 ಮಾಡಿಕೊಳ್ಳಿ.

ಹಂತ 6: ಮೊದಲ ಸಲ ಆನ್

‘ನೋ ಬೂಟೆಬಲ್ ಡಿವೈಸ್’ ಎಂದರೆ ಗಾಬರಿಯಾಗಬೇಡಿ. ಬಯಾಸ್‌ಗೆ (ವಿಂಡೋಸ್‌ಗಿಂತ ಮೊದಲೇ ತೆರೆಯುವ ಸೆಟ್ಟಿಂಗ್ ಪರದೆ) ಹೋಗಿ ಬೂಟ್ ಪಟ್ಟಿಯಲ್ಲಿ ಹೊಸ ಡ್ರೈವ್ ಮೇಲಕ್ಕೆ ತನ್ನಿ. ಅಲ್ಲಿನ ಬೂಟ್ ವಿಧಾನ ಯುಇಎಫ್‌ಐ ಅಥವಾ ಲೆಗಸಿ, ಮೊದಲು ಯಾವುದಿತ್ತೋ ಅದೇ ಇರಲಿ. ‘ಎಸ್‌ಎಸ್‌ಡಿ ವೇಗ ಹೆಚ್ಚಿಸುವ’ ತಂತ್ರಾಂಶಗಳಿಗೆ ಸುಮ್ನೆ ದುಡ್ಡು ಹಾಕಬೇಡಿ. ಬೇಕಾದ ಟ್ರಿಮ್ (ಅಳಿಸಿದ ಫೈಲುಗಳ ಜಾಗ ತೆರವು ಮಾಡುವ) ಕೆಲಸವನ್ನು ವಿಂಡೋಸ್ ತಾನೇ ಮಾಡುತ್ತದೆ.

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ 8ನೇ ಪೀಳಿಗೆ ಅಥವಾ ಮುಂದಿನದು ಬೇಕು. ಅದಕ್ಕಿಂತ ಹಳೆಯದಿದ್ದು, ಬರೀ ಬ್ರೌಸರ್ ಬಳಸುವವರಾದರೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ.

ಹಳೆಯ ಡಿಸ್ಕನ್ನು ಹದಿನೈದು ದಿನ ಫಾರ್ಮ್ಯಾಟ್ ಮಾಡಬೇಡಿ. ಎಲ್ಲ ಫೈಲು, ಎಲ್ಲ ಫಾಂಟು ತೆರೆದು ನೋಡಿದ ಮೇಲೆ ಒಂದು ಯುಎಸ್‌ಬಿ ಕೇಸ್ ತಂದು ಹಾಕಿದರೆ ಬ್ಯಾಕಪ್‌ಗೆ ಆಯಿತು. ತಪಾಸಣೆಯಲ್ಲಿ ಹಳದಿ ತೋರಿಸಿದ ಡಿಸ್ಕ್ ಆದರೆ ಸಿನಿಮಾ ಇಟ್ಟುಕೊಳ್ಳಿ, ಮಗಳ ಮದುವೆ ಫೋಟೊ ಬೇಡ.