ಎದುರಿನ ಗ್ಲಾಸಿಗೆ ಬಿದ್ದ ಪೆಟ್ಟುಗಳು

ಉಪ್ಪಳ ದಾಟಿ ಹೊಸಂಗಡಿ ಮುಟ್ಟುವ ಮೊದಲು ಎದುರಿನ ಗ್ಲಾಸಿಗೆ "ಟಕ್" ಅಂತ ಏನೋ ಬಡಿಯಿತು. 2022ರ ಡಿಸೆಂಬರ್. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಉದ್ದಕ್ಕೂ ಹೆದ್ದಾರಿ 66ನ್ನು ಆರು ಪಥ ಮಾಡಲಿಕ್ಕೆಂದು ಅಗೆದು ಹಾಕಿದ್ದ ಕಾಲ. ಮುಂದೆ ಜಲ್ಲಿ ತುಂಬಿದ ಟಿಪ್ಪರ್, ಅದರ ಹಿಂದೆ ನಾನು, ನನ್ನ ಹಿಂದೆ ಬಿಡದೆ ಹಾರ್ನ್ ಒತ್ತುತ್ತಿದ್ದ ಬಸ್ಸು. ಪಕ್ಕದ ಸೀಟಿನವರ ಮುಖದ ನೇರಕ್ಕೆ ಗ್ಲಾಸಿನಲ್ಲಿ ಸಾಸಿವೆಗಿಂತ ತುಸು ದೊಡ್ಡ ಹೊಂಡ, ಅದರ ಸುತ್ತ ನಾಲ್ಕು ಪುಟ್ಟ ಕಾಲು. ಏಡಿಮರಿಯ ಹಾಗೆ. ಮಂಗಳೂರು ಮುಟ್ಟಿದ ಮೇಲೆ ಒಳಗಿನಿಂದ ಉಗುರು ಆಡಿಸಿ ನೋಡಿದೆ. ನುಣ್ಣಗೆ ಉಂಟು. ಪೆಟ್ಟು ಹೊರಗಿನ ಪದರಕ್ಕೆ ಮಾತ್ರ. ಪುರುಸೊತ್ತಾದಾಗ ನೋಡುವ ಎಂದು ಬಿಟ್ಟೆ.

ಪುರುಸೊತ್ತು ಹನ್ನೊಂದು ದಿನ ಆಗಲಿಲ್ಲ. ಹನ್ನೆರಡನೆಯ ದಿನ ಭಾನುವಾರ. ಕಾರು ಬೆಳಗ್ಗಿನಿಂದ ಅಂಗಳದ ಬಿಸಿಲಲ್ಲಿ ನಿಂತು ಗ್ಲಾಸು ಕೈ ಇಡಲಾಗದಷ್ಟು ಕಾದಿತ್ತು. ಬಾವಿಯ ತಣ್ಣೀರನ್ನು ಪೈಪಿನಲ್ಲಿ ಬಿಟ್ಟೆ. ಏಡಿಮರಿಯ ಒಂದು ಕಾಲು ನಾನು ನೋಡುತ್ತಿದ್ದ ಹಾಗೆಯೇ ಉದ್ದವಾಯಿತು. ದೊಡ್ಡ ಶಬ್ದವೇನೂ ಇಲ್ಲ, ಯಾರೋ ಪೆನ್ಸಿಲಿನಲ್ಲಿ ಗೆರೆ ಎಳೆದ ಹಾಗೆ ಒಂದು ಗೇಣು ಹೋಯಿತು, ಎರಡು ಗೇಣು ಹೋಯಿತು, ಸ್ವಲ್ಪ ಬಾಗಿ ಸ್ಟೀರಿಂಗಿನ ನೇರಕ್ಕೆ ಬಂದು ನಿಂತಿತು. ಜಗಲಿಯಲ್ಲಿ ಕೂತಿದ್ದ ಅಮ್ಮ, "ಎಂತ ಮಾಡಿದ್ದು ನೀನು?" ಅಂದರು. "ತೊಳೆದೆ" ಅಂದೆ.

ಟಿಪ್ಪರಿನವನಿಗೆ ಹನ್ನೊಂದು ದಿನ ಬೈದಿದ್ದೆ. ಗ್ಲಾಸು ಹಾಳು ಮಾಡಿದ್ದು ನನ್ನ ಪೈಪು.

ನಾನು ಕಾಸರಗೋಡು ಜಿಲ್ಲೆಯ ಸೀತಾಂಗೋಳಿ ಹತ್ತಿರದವನು, ಮಂಗಳೂರಿನ ಒಂದು ದಂತ ಲ್ಯಾಬಿನಲ್ಲಿ ಟೆಕ್ನೀಶಿಯನ್. ಹಲ್ಲಿನ ಕ್ಯಾಪು, ಸೆಟ್ಟು ಮಾಡುವ ಕೆಲಸ. ಹೋಗಿ ಬರುವಾಗ ದಿನಕ್ಕೆ ನೂರು ಕಿಲೋಮೀಟರಿನ ಹತ್ತಿರ ಓಡುತ್ತದೆ. ಆ ದಾರಿಯಲ್ಲಿ ಕಲ್ಲು ಹಾರುವುದನ್ನು ತಪ್ಪಿಸಲಿಕ್ಕೆ ನನ್ನಿಂದಾಗದು. ಬಿದ್ದ ಮೇಲೆ ಏನು ಮಾಡಬಹುದು ಎಂಬುದನ್ನು ಎರಡು ಗ್ಲಾಸು, ಮೂರು ಪೆಟ್ಟಿನಲ್ಲಿ ಕಲಿತೆ.

ಎದುರಿನ ಗ್ಲಾಸು ಒಂದೇ ಗಾಜಲ್ಲ. ಸುಮಾರು ಎರಡೆರಡು ಮಿಲಿಮೀಟರಿನ ಎರಡು ಗಾಜು, ನಡುವೆ 0.76 ಮಿಲಿಮೀಟರಿನ ಪಿವಿಬಿ ಎಂಬ ಪ್ಲಾಸ್ಟಿಕ್ ಹಾಳೆ. ಬಾಗಿಲಿನ ಗ್ಲಾಸು ಬೇರೆ ಜಾತಿ. ಅದನ್ನು ಕಾಯಿಸಿ ಫಕ್ಕನೆ ತಣಿಸಿ ಗಡುಸು ಮಾಡಿರುತ್ತಾರೆ, ಒಡೆದರೆ ಕಲ್ಲುಸಕ್ಕರೆಯ ಹಾಗೆ ಹರಳು ಹರಳಾಗಿ ಉದುರುತ್ತದೆ. ಎದುರಿನದ್ದು ಉದುರಬಾರದು. 1903ರಲ್ಲಿ ಫ್ರಾನ್ಸಿನ ಎದುವಾರ್ ಬೆನೆದಿಕ್ತುಸ್ ಎಂಬ ರಸಾಯನಶಾಸ್ತ್ರಜ್ಞನ ಕೈಯಿಂದ ಒಂದು ಗಾಜಿನ ಫ್ಲಾಸ್ಕು ಬಿದ್ದು, ಬಿರುಕು ಬಿಟ್ಟರೂ ಚೂರಾಗಿ ಚೆಲ್ಲಲಿಲ್ಲವಂತೆ. ಒಳಗೆ ಒಣಗಿ ಉಳಿದಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆ ಅದನ್ನು ಹಿಡಿದಿಟ್ಟಿತ್ತು. 1909ರಲ್ಲಿ ಅವನು ಪೇಟೆಂಟ್ ಪಡೆದ. ನಾವು ಲ್ಯಾಬಿನಲ್ಲಿ ಏನಾದರೂ ಬೀಳಿಸಿದರೆ ಬೈಗುಳ ಮಾತ್ರ ಸಿಗುವುದು.

ಹೊರಗಿನ ಗಾಜು ಒಡೆದರೂ ಒಳಗಿನದ್ದು ಗಟ್ಟಿ ಇರುವುದು ಈ ಹಾಳೆಯಿಂದಾಗಿ. ರಿಪೇರಿ ಸಾಧ್ಯ ಆಗುವುದೂ ಅದರಿಂದಲೇ. ಆದರೆ ಪೆಟ್ಟು ಬಿದ್ದ ಗಾಜು ಆ ಬಿಂದುವಿನಲ್ಲಿ ಬಾಯಿ ತೆರೆದು ಕೂತಿರುತ್ತದೆ. ಒಂದು ಬದಿ ಕಾದು ಹಿಗ್ಗಿ, ಇನ್ನೊಂದು ಬದಿ ತಣಿದು ಕುಗ್ಗಿದರೆ ಆ ಎಳೆತವೆಲ್ಲ ಬಿರುಕಿನ ತುದಿಗೆ ಬಂದು ಸೇರುತ್ತದೆ. ನಡುಮಧ್ಯಾಹ್ನ ಪಾರ್ಕಿಂಗಿನಿಂದ ತೆಗೆದ ಕಾರಿನ ಎಸಿಯನ್ನು ಗ್ಲಾಸಿಗೆ ತಿರುಗಿಸಿ ಪೂರ್ತಿ ಬಿಡುವುದೂ ನನ್ನ ಪೈಪಿನ ಅಣ್ಣನೇ.

ಮೊದಲ ಗ್ಲಾಸು ಬದಲಿಸಲೇಬೇಕಾಯಿತು. ಚಾಲಕನ ದೃಷ್ಟಿಗೆ ಅಡ್ಡ ಬಂದ ಉದ್ದದ ಬಿರುಕಿಗೆ ಔಷಧಿ ಇಲ್ಲ. ಇನ್ಶೂರೆನ್ಸಿನಲ್ಲಿ ಗಾಜಿಗೆ ಸವಕಳಿ ಕಡಿತ ಇಲ್ಲ, ಆದರೆ ಸಣ್ಣ ಕಾರಿಗೆ ಕಡ್ಡಾಯದ 1,000 ರೂಪಾಯಿ ನಾವೇ ಹಾಕಬೇಕು, ಮೇಲಿಂದ ಮೂರು ವರ್ಷ ಕ್ಲೈಮ್ ಇಲ್ಲದೆ ಕೂಡಿಸಿದ್ದ ಶೇಕಡಾ 35ರ ನೋ ಕ್ಲೈಮ್ ಬೋನಸ್ ಹೋಗುತ್ತದೆ. ಕೂಡಿಸಿ ಕಳೆದು ನೋಡಿ ಕೈಯಿಂದಲೇ ಕೊಟ್ಟೆ. ಅಂಗಡಿಯವರು ಹೇಳಲು ಮರೆತ ಒಂದು ಸಂಗತಿ ಉಂಟು. ಹಳೆ ಗ್ಲಾಸಿನ ಜೊತೆ ಫಾಸ್ಟ್ಯಾಗೂ ಹೋಯಿತು. ಕಿತ್ತರೆ ಅದು ಹರಿಯುತ್ತದೆ, ಹಾಗೆಯೇ ಮಾಡಿರುವುದು. ಮರುದಿನ ತಲಪಾಡಿ ಟೋಲಿನಲ್ಲಿ ದುಪ್ಪಟ್ಟು ಕೊಟ್ಟಾಗಲೇ ನನಗೆ ನೆನಪಾದದ್ದು.

ಎರಡನೆಯ ಪೆಟ್ಟು ಎರಡೇ ತಿಂಗಳಿಗೆ, ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ. ಈ ಸಲ ಗಾಡಿ ಬದಿಗೆ ಹಾಕಿ, ಮೊದಲು ಗಾಯದ ಮೇಲೆ ಪಾರದರ್ಶಕ ಟೇಪಿನ ಚೂರು ಅಂಟಿಸಿದೆ. ಬೆರಳಲ್ಲಿ ಒತ್ತಿ ನೋಡುವ ಆಸೆಯನ್ನು ತಡೆದುಕೊಂಡೆ. ಒಳಗೆ ಧೂಳು, ನೀರು, ಬೆವರು ಹೋದರೆ ಮತ್ತೆ ಬಿರುಕಿಗೆ ತುಂಬುವ ರಾಳ (ರೆಸಿನ್) ಹಿಡಿಯುವುದಿಲ್ಲ. ನಮ್ಮ ಕೆಲಸದಲ್ಲೂ ಅಷ್ಟೇ, ಹಲ್ಲು ಒಣಗದಿದ್ದರೆ ಫಿಲ್ಲಿಂಗ್ ನಿಲ್ಲುವುದಿಲ್ಲ. ಆ ಧೈರ್ಯದಲ್ಲೇ ಆನ್‌ಲೈನಿನಲ್ಲಿ ಐನೂರು ಚಿಲ್ಲರೆಯ ಗ್ಲಾಸು ರಿಪೇರಿ ಕಿಟ್ ತರಿಸಿದೆ.

ಮೊದಲ ಪ್ರಯತ್ನ ಪೂರ್ತಿ ಮಣ್ಣುಪಾಲು. ಬೆಳಕು ಚೆನ್ನಾಗಿರಲಿ ಎಂದು ಅಂಗಳದ ಮಧ್ಯೆ ನಿಲ್ಲಿಸಿದೆ. ಈ ರಾಳ ಗಟ್ಟಿಯಾಗುವುದೇ ಬಿಸಿಲಿನ ಯುವಿ ಕಿರಣಕ್ಕೆ. ಗಾಯದ ಒಳಗೆ ಇಳಿಯುವ ಮೊದಲೇ ಅದು ಇಂಜೆಕ್ಟರಿನ ಬಾಯಲ್ಲಿ ಕಲ್ಲಾಯಿತು. ದಿನಾ ಬೆಳಕಿಗೆ ಗಟ್ಟಿಯಾಗುವ ರಾಳದ ಜೊತೆ ಒದ್ದಾಡುವವನು ನಾನು. ಹೆಂಡತಿ ನಕ್ಕದ್ದರಲ್ಲಿ ತಪ್ಪಿಲ್ಲ.

ಎರಡನೆಯ ಕಿಟ್ಟಿಗೆ ಕಾರನ್ನು ಅಡಿಕೆ ಕೊಟ್ಟಿಗೆಯ ನೆರಳಿಗೆ ತಂದು ಒಂದು ಗಂಟೆ ಬಿಟ್ಟೆ. ಗ್ಲಾಸು ಕೈಗೆ ಬೆಚ್ಚಗೂ ಅಲ್ಲ, ತಣ್ಣಗೂ ಅಲ್ಲ ಅನಿಸಬೇಕು. ಟೇಪು ಕಿತ್ತು, ಸೂಜಿಯ ಮೊನೆಯಿಂದ ಹೊಂಡದೊಳಗಿನ ಸಡಿಲ ಪುಡಿಯನ್ನು ಎಬ್ಬಿಸಿ ತೆಗೆದೆ. ಎಬ್ಬಿಸಬೇಕು, ಅಗೆಯಬಾರದು. ರಬ್ಬರ್ ಕಪ್ಪುಗಳ ಸ್ಟ್ಯಾಂಡನ್ನು ಗ್ಲಾಸಿಗೆ ಕಚ್ಚಿಸಿ, ಅದರ ನಡುವಿನ ಕೊಳವೆ ಸರಿಯಾಗಿ ಹೊಂಡದ ಮೇಲೆ ಕೂರುವ ಹಾಗೆ ತಿರುಗಿಸಿದೆ. ಮೂರು ಹನಿ ರಾಳ. ಸ್ಕ್ರೂ ತಿರುಗಿಸಿದಾಗ ಒತ್ತಡಕ್ಕೆ ರಾಳ ಒಳಗೆ ಹೋಗುತ್ತದೆ, ಹಿಂದೆ ಎಳೆದಾಗ ಒಳಗೆ ಸಿಕ್ಕಿಬಿದ್ದ ಗಾಳಿ ಮೇಲೆ ಬರುತ್ತದೆ. ಒತ್ತಿ ಐದು ನಿಮಿಷ, ಎಳೆದು ಎರಡು ನಿಮಿಷ, ಮತ್ತೆ ಒತ್ತು. ಒಳಗೆ ಕೂತು ಟಾರ್ಚು ಹಿಡಿದು ನೋಡುತ್ತಿದ್ದೆ. ಬಿರುಕಿನ ಕಾಲುಗಳು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು, ಆ ಹೊಳಪೇ ಒಳಗಿನ ಗಾಳಿ. ಒಂದೊಂದೇ ಕಾಲಿನ ಹೊಳಪು ಬುಡದಿಂದ ತುದಿಗೆ ಮಾಯವಾಗುತ್ತ ಹೋಯಿತು. ಬೆಳಕನ್ನು ಬಗ್ಗಿಸುವ ಗುಣದಲ್ಲಿ ರಾಳ ಗಾಜಿಗೆ ಬಹಳ ಹತ್ತಿರ, ಆದ್ದರಿಂದ ಗಾಳಿಯ ಜಾಗಕ್ಕೆ ಅದು ಬಂದರೆ ಕಣ್ಣಿಗೆ ಬಿರುಕೇ ಕಾಣುವುದಿಲ್ಲ. ಕೊನೆಯ ಕಾಲಿನ ತುದಿಯಲ್ಲಿ ಒಂದು ಚುಕ್ಕೆ ಮಾತ್ರ ಹಟ ಹಿಡಿಯಿತು. ಇಪ್ಪತ್ತು ನಿಮಿಷ ಕಾದು ಬಿಟ್ಟುಕೊಟ್ಟೆ.

ಸ್ಟ್ಯಾಂಡು ತೆಗೆದು, ಮೇಲಿನ ಕುಳಿಗೆ ಇನ್ನೊಂದು ಹನಿ ಹಾಕಿ, ಕಿಟ್ಟಿನ ಪ್ಲಾಸ್ಟಿಕ್ ಚೂರು ಮುಚ್ಚಿ, ಈಗ ಬಿಸಿಲಿಗೆ. ಲ್ಯಾಬಿನಲ್ಲಿ "ನಮ್ಮ ಲೈಟು ಒಯ್ಯಿ ಮಾರಾಯ" ಎಂದು ಹೇಳಿದವರಿದ್ದರು. ಹಲ್ಲಿನ ಫಿಲ್ಲಿಂಗಿಗೆ ಹಿಡಿಯುವುದು ನೀಲಿ ಬೆಳಕು, ಇದಕ್ಕೆ ಬೇಕಾದದ್ದು ಯುವಿ. ಕಾಸರಗೋಡಿನ ಬಿಸಿಲಿಗಿಂತ ಒಳ್ಳೆಯ ಲೈಟು ಎಲ್ಲುಂಟು? ಕಾಲು ಗಂಟೆ ಬಿಟ್ಟು, ಶೇವಿಂಗ್ ಬ್ಲೇಡನ್ನು ನೆಟ್ಟಗೆ ನಿಲ್ಲಿಸಿ ಮೇಲಿನ ಹೆಚ್ಚುವರಿಯನ್ನು ಹೆರೆದೆ. ಓರೆ ಹಿಡಿದರೆ ಕುಳಿಯ ರಾಳವೂ ಎದ್ದು ಬರುತ್ತದೆ. ಗುರುತು ಪೂರ್ತಿ ಹೋಗಲಿಲ್ಲ. ಪಕ್ಕ ಕೂತವರು ಸೊಳ್ಳೆ ಅಂದುಕೊಂಡು ಒರೆಸಲು ಹೋಗುತ್ತಾರೆ. ಆದರೆ ಆಮೇಲಿನ ಮಳೆ ಬಿಸಿಲು ಎಲ್ಲ ದಾಟಿದರೂ ಅದು ಕೂದಲೆಳೆಯಷ್ಟೂ ಬೆಳೆದಿಲ್ಲ. ನಾಣ್ಯದಷ್ಟಗಲದ ಒಳಗಿನ, ಅಂಚಿನಿಂದ ದೂರದ, ಚಾಲಕನ ಕಣ್ಣಿನ ನೇರಕ್ಕಿಲ್ಲದ ಪೆಟ್ಟಿಗೆ ಮಾತ್ರ ಈ ಮನೆಮದ್ದು.

ಗೀರಿನ ಕತೆ ಬೇರೆ. ಅದರಲ್ಲಿ ಕಲ್ಲಿನ ಪಾಲು ಕಡಿಮೆ, ನಮ್ಮ ಕೈಯ ಪಾಲು ಹೆಚ್ಚು. ಗಾಜಿನ ಗಡಸುತನ ಮೋಸ್ ಅಳತೆಯಲ್ಲಿ ಸುಮಾರು 5.5, ಮರಳಿನ ಕ್ವಾರ್ಟ್ಜ್ 7. ಸಾಧಾರಣ ಕಬ್ಬಿಣದ ಮೊಳೆ ಗೀರದ ಗಾಜನ್ನು ಒಂದು ಮರಳಿನ ಕಣ ಗೀರುತ್ತದೆ. ನಮ್ಮ ಮುರಕಲ್ಲಿನ ಕೆಂಪು ಧೂಳಿನಲ್ಲಿ ಅದು ಧಾರಾಳ ಉಂಟು. ಗ್ಲಾಸಿನ ಮೇಲೆ ಧೂಳು ಕೂತಿರುವಾಗ ಬರಿದೆ ವೈಪರ್ ಹಾಕಿದರೆ ಅದು ಕಾಗದದ ಬದಲು ರಬ್ಬರಿಗೆ ಅಂಟಿಸಿದ ಸ್ಯಾಂಡ್‌ಪೇಪರ್. ನನ್ನ ಹಳೆ ಗ್ಲಾಸಿನಲ್ಲಿ ವೈಪರ್ ಹೋದ ದಾರಿ ಕಾಮನಬಿಲ್ಲಿನ ಹಾಗೆ ಮೂಡಿತ್ತು. ಅದರ ಮೇಲೆ ವರ್ಷಗಟ್ಟಲೆ ಮರಳು ಬಡಿದು ಆದ ಕಣ್ಣಿಗೆ ಕಾಣದ ಗುಳಿಗಳು. ಹಗಲು ಏನೂ ಗೊತ್ತಾಗುತ್ತಿರಲಿಲ್ಲ. ರಾತ್ರಿ ಎದುರಿನಿಂದ ಲಾರಿಯ ಹೆಡ್‌ಲೈಟು ಬಿದ್ದರೆ ಇಡೀ ಗ್ಲಾಸಿಗೆ ಹಿಟ್ಟು ಎರಚಿದ ಹಾಗೆ. ಕಣ್ಣಿಗೆ ವಯಸ್ಸಾಯಿತು ಎಂದು ಡಾಕ್ಟರಲ್ಲಿಗೂ ಹೋಗಿ ಬಂದಿದ್ದೆ! ಹೊಸ ಗ್ಲಾಸು ಹಾಕಿದ ರಾತ್ರಿ ಕಣ್ಣು ಸರಿಯಾಯಿತು. ಈ ಗುಳಿಗಳಿಗೆ ರಾಳ ತುಂಬಲಿಕ್ಕಾಗುವುದಿಲ್ಲ, ಅಷ್ಟು ಸಣ್ಣ, ಅಷ್ಟು ಸಾವಿರ.

ಹೊಸ ಗ್ಲಾಸಿಗೂ ಒಂದು ಗೀರು ನಾನೇ ಹಾಕಿದೆ. ರಬ್ಬರ್ ಬಿಸಿಲಿಗೆ ಸೀಳಿ ವೈಪರಿನ ಲೋಹ ತಾಗಿತ್ತು. ಸೀರಿಯಂ ಆಕ್ಸೈಡ್ ಪುಡಿಯನ್ನು ನೀರಲ್ಲಿ ಕಲಸಿ, ಡ್ರಿಲ್ಲಿಗೆ ಫೆಲ್ಟ್ ಪ್ಯಾಡು ಸಿಕ್ಕಿಸಿ, ಗ್ಲಾಸು ಬಿಸಿಯಾಗದ ಹಾಗೆ ನೀರು ಚಿಮುಕಿಸುತ್ತ ಮುಕ್ಕಾಲು ಗಂಟೆ ಉಜ್ಜಿದೆ. ಮಸುಕು ಹೋಯಿತು, ಉಗುರಿಗೆ ಸಿಗುವ ಗೀರು ಹೋಗಲಿಲ್ಲ. ಇನ್ನೂ ಉಜ್ಜಿದರೆ ಅಲ್ಲಿ ತಗ್ಗಾಗಿ ರಸ್ತೆಯೇ ಅಲೆಯಲೆಯಾಗಿ ಕಾಣುತ್ತದೆ ಎಂದು ನಿಲ್ಲಿಸಿದೆ. ಅಂದಿನಿಂದ ಪ್ರತಿ ವರ್ಷ ಮೇ ಕೊನೆಯ ಪತ್ತನಾಜೆಗೆ, ಯಕ್ಷಗಾನ ಮೇಳದವರು ಆ ವರ್ಷದ ಆಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ, ನಾನು ವೈಪರಿನ ರಬ್ಬರ್ ಬದಲಿಸುತ್ತೇನೆ. ಮಳೆ ಹಿಡಿಯುವ ಮೊದಲು ಹೊಸ ರಬ್ಬರ್. ನೀರು ಚಿಮ್ಮಿಸದೆ ವೈಪರ್ ಮುಟ್ಟುವುದಿಲ್ಲ.

ಒಂದು ಡಿಟೇಲಿಂಗ್ ಅಂಗಡಿಯವರು "9ಎಚ್ ಸೆರಾಮಿಕ್ ಕೋಟಿಂಗ್ ಹಾಕಿ, ಕಲ್ಲು ಬಿದ್ದರೂ ಏನಾಗುವುದಿಲ್ಲ" ಎಂದು ಗಂಟು ಬಿದ್ದರು. ಆ 9ಎಚ್ ಪೆನ್ಸಿಲ್ ಗಡಸುತನದ ಅಳತೆ, ಮೋಸ್ ಅಳತೆಯ 9 ಅಲ್ಲ. ಅತಿ ಗಟ್ಟಿ ಪೆನ್ಸಿಲಿನಲ್ಲಿ ಗೀಚಿದರೆ ಗೀರು ಬೀಳುವುದಿಲ್ಲ ಎಂದಷ್ಟೇ ಅರ್ಥ. ಮಳೆ ನೀರು ಉರುಳಿ ಹೋಗುತ್ತದೆ, ಅದು ನಿಜ. ಜಲ್ಲಿ ಉರುಳಿ ಹೋಗುವುದಿಲ್ಲ.

ತೋಟದ ನಡುವೆ ಮನೆ ಇರುವವರಿಗೆ ಇನ್ನೊಂದು ಪೀಡೆ ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಔಷಧಿ ಬಿಡುವ ದಿನ ಕಾರನ್ನು ತೋಟದ ಬದಿಯಲ್ಲಿ ಮರೆತರೆ ಗ್ಲಾಸಿನ ತುಂಬ ನೀಲಿ ಸಿಡುಬು. ಒಣಗಿದ ಸುಣ್ಣವನ್ನು ಕೆರೆದರೆ ಗೀರು ಖಂಡಿತ. ವಿನೆಗರಿನಲ್ಲಿ ಬಟ್ಟೆ ಅದ್ದಿ ಹತ್ತು ನಿಮಿಷ ಹೊದೆಸಿಟ್ಟರೆ ಹುಳಿಗೆ ಸುಣ್ಣ ಕರಗಿ ತಾನೇ ಬಿಡುತ್ತದೆ. ಆಮೇಲೆ ಧಾರಾಳ ನೀರು.

ಟಿಪ್ಪರಿನ ಹಿಂದೆ ಅಂಟಿಕೊಂಡು ಹೋಗುವುದನ್ನೂ ಬಿಟ್ಟೆ. ಹಾರಿದ ಕಲ್ಲಿಗೆ ಬಹಳ ಸಲ ನಾವೇ ಹೋಗಿ ಬಡಿಯುವುದು. 60ರ ವೇಗದ ಬದಲು 80ರಲ್ಲಿ ಬಡಿದರೆ ಪೆಟ್ಟಿನ ಶಕ್ತಿ ಒಂದೂಮುಕ್ಕಾಲು ಪಟ್ಟು, ವೇಗದ ವರ್ಗದ ಲೆಕ್ಕ ಅದು. ಹಿಂದಿನ ಬಸ್ಸು ಹಾರ್ನ್ ಹೊಡೆಯಲಿ.

ಮೂರನೆಯ ಪೆಟ್ಟು ಕಳೆದ ವರ್ಷ, ಕೆಳಗಿನ ಅಂಚಿನಿಂದ ಎರಡು ಬೆರಳು ಮೇಲೆ. ಅಂಚಿನಲ್ಲಿ ಗಾಜಿಗೆ ಎಳೆತ ಹೆಚ್ಚು, ಕಿಟ್ ಹಾಕುವ ಧೈರ್ಯ ಮಾಡಲಿಲ್ಲ. ಗ್ಲಾಸಿನ ಅಂಗಡಿಯ ಹಿರಿಯರೊಬ್ಬರು ನೋಡಿ, "ಹೋಗುವುದಿದ್ದರೆ ಹೋಗುತ್ತದೆ, ನೋಡ್ತಾ ಇರಿ" ಅಂದರು. ಬಿರುಕಿನ ಎರಡೂ ತುದಿಗೆ ಒಳಗಿನಿಂದ ಮಾರ್ಕರಿನಲ್ಲಿ ಗೆರೆ ಹಾಕಿ ಪಕ್ಕದಲ್ಲಿ ತಾರೀಕು ಬರೆದಿಟ್ಟಿದ್ದೇನೆ. ಪ್ರತಿ ಭಾನುವಾರ ನೋಡುತ್ತೇನೆ. ಇವತ್ತಿನವರೆಗೆ ಗೆರೆ ದಾಟಿಲ್ಲ. ಕಾರು ತೊಳೆಯುವುದು ಈಗ ಸಂಜೆ ಆರರ ಮೇಲೆ, ಬಕೆಟಿನಲ್ಲಿ. ಪೈಪನ್ನು ಅಮ್ಮ ತರಕಾರಿ ಸಾಲಿಗೆ ಒಯ್ದಿದ್ದಾರೆ.